ಜೇನು ತೆಗಿ ಅಂದರೆ

ಆ ಬೆಳಿಗ್ಗೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಎಂಟಕ್ಕೇ ತಾರಸಿ ಕಾದು, ಬರಿಗಾಲಿಟ್ಟರೆ ಚುರ್ರೆನ್ನುತ್ತಿತ್ತು. ಮೂರಂತಸ್ತಿನ ಆ ಕಟ್ಟಡದ ಮೇಲೆ ಟೈಲರಕ್ಕನ ಜೇನುಪೆಟ್ಟಿಗೆ. ತಂದು ಐದೇ ತಿಂಗಳು. ಕೆಳಗೆ ಬಸ್ಸು ಲಾರಿಗಳ ಗದ್ದಲ, ಮೇಲೆ ಹುಳಗಳ ಗುಂಯ್ ಎಂಬ ಸದ್ದು. ಹೊಲಿಗೆಯ ನಡುವೆ ಒಂದು ಗಳಿಗೆ ಅಲ್ಲಿ ಕೂತರೆ ಅವಳಿಗೆ ದೇವರ ಮುಂದೆ ಕೂತಷ್ಟೇ ಸಮಾಧಾನ.

ಆ ಸಮಾಧಾನ ಹಿಂದೆ ಬಸ್ಸು ಓಡಿಸುತ್ತಿದ್ದ ಕೆಳಮನೆಯ ಡ್ರೈವರ್ ಮಾವನಿಗೆ ಇರಲಿಲ್ಲ. ಬಟ್ಟೆ ಒಗೆಯುವ ಅವರ ತೊಟ್ಟಿಗೆ ಹುಳಗಳು ಸಾಲುಗಟ್ಟಿ ನೀರಿಗೆ ಬರುತ್ತಿದ್ದವು. ಅಂದು ಒಂದು ಹುಳ ಕಿವಿಗೇ ಕುಟುಕಿತು. ಮಾವ ಮೆಟ್ಟಿಲಲ್ಲಿ ನಿಂತು ಕೂಗಿದರು:

“ಟೈಲರಕ್ಕಾ, ನಾಳೆಯೊಳಗೆ ಜೇನು ತೆಗೀಬೇಕು ನೋಡು!”

ಮುಂದಿನ ಮಾತು ಹೊಲಿಗೆಯಂತ್ರದ ಸದ್ದಿನಲ್ಲಿ ಮುಳುಗಿತು. ‘ಮಾವನ ಬಾಯಲ್ಲಿ ನೀರೂರಿದೆ’ ಎಂದು ಅವಳು ನಕ್ಕಳು. ಅಂದೇ ಜೇನುತುಪ್ಪ ತುಂಬಿದ ಮೇಣದ ತಟ್ಟಿಗಳನ್ನೆಲ್ಲ ತೆಗೆದು ಹಿಂಡಿದಳು. ಎರಡು ಬಾಟಲಿ ಆಯಿತು. ಮರುದಿನ ಒಂದನ್ನು ಮಾವನಿಗೆ ಕೊಟ್ಟಳು.

“ತಗೊಳ್ಳಿ ಮಾವ, ನೀವು ಹೇಳಿದ ಹಾಗೇ ಜೇನು ತೆಗೆದೆ.”

ಮಾವನ ಕಿವಿ ಎಲೆಕೋಸಿನ ಎಲೆಯಷ್ಟು ಊದಿತ್ತು. “ಅಯ್ಯೋ ಮಹಾತಾಯಿ! ಹುಳ ತೆಗಿ ಅಂದ್ರೆ ತುಪ್ಪ ತೆಗೆದ್ಯಾ? ಭಾನುವಾರದೊಳಗೆ ಆ ಪೆಟ್ಟಿಗೆ ಹೋಗ್ಬೇಕು. ಇಲ್ಲಾಂದ್ರೆ ನಾನೇ ಹೊಗೆ ಹಾಕಿ ಓಡಿಸ್ತೀನಿ.”

ಟೈಲರಕ್ಕ ತನಗೆ ಜೇನು ಸಾಕುವುದನ್ನು ಕಲಿಸಿದ ಚಿಕ್ಕಮ್ಮನಿಗೆ ಫೋನು ಮಾಡಿದಳು. ಚಿಕ್ಕಮ್ಮ ಬಂದು ಪೆಟ್ಟಿಗೆ ತೆರೆದು, ಖಾಲಿ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಎಷ್ಟು ತೆಗೆದೆ?”

“ಇದ್ದಷ್ಟೂ.”

“ಮರಗಳೆಲ್ಲ ಹೂ ಉದುರಿಸಿ ನಿಂತಿವೆ. ಇನ್ನೆರಡು ತಿಂಗಳು ಇವು ಏನು ತಿನ್ನಬೇಕು? ಅದು ನಿನ್ನ ಬೆಳೆ ಅಲ್ಲ, ಇವುಗಳ ಉಗ್ರಾಣ. ಉಂಡು ಉಳಿದದ್ದು ಮಾತ್ರ ನಮ್ಮದು. ಮೊದಲ ವರ್ಷ ಅದನ್ನೂ ಮುಟ್ಟಬಾರದು.”

“ಸಾಯ್ತವಾ ಚಿಕ್ಕಮ್ಮಾ?”

“ಇದೇ ಗೂಡಿನ ತುಪ್ಪ ಇದ್ದಷ್ಟನ್ನ ವಾಪಸ್ ಕೊಡು. ಸಂಜೆ ಹೊತ್ತು, ಪೆಟ್ಟಿಗೆಯೊಳಗೇ ಇಡು. ಹೊರಗಿಟ್ರೆ ಬೇರೆ ಗೂಡಿನವು ದೋಚ್ತವೆ. ಅಂಗಡಿ ಜೇನು ಬೇಡ, ರೋಗ ತಗುಲೀತು. ಸಾಲದಿದ್ರೆ ಸಕ್ಕರೆ ನೀರು.”

ಆಮೇಲೆ ಚಿಕ್ಕಮ್ಮ ಕೆಳಗಿಳಿದು ಮಾವನ ತೊಟ್ಟಿ ನೋಡಿದಳು.

“ಅಣ್ಣಾ, ಬೇಸಿಗೆಯಲ್ಲಿ ನಿಮ್ಮ ಬಸ್ಸಿಗೆ ನೀರು ಬೇಕಿತ್ತಾ?”

“ಬೇಡ್ವಾ ಮತ್ತೆ! ರೇಡಿಯೇಟರ್ ಒಣಗಿದ್ರೆ ಗಾಡಿ ಏರು ಹತ್ತುತ್ತಾ?”

“ಇವಕ್ಕೂ ಅಷ್ಟೇ. ಗೂಡು ತಂಪಾಗಿಡೋಕೆ ನೀರು ಹೊರ್ತವೆ. ನಮ್ಮ ಹುಡುಗಿ ಮೇಲೆ ಒಂದು ಬಟ್ಟಲು ನೀರೂ ಇಟ್ಟಿಲ್ಲ, ಸಾಲದ್ದಕ್ಕೆ ಇವುಗಳ ಊಟದ ತುಪ್ಪಾನೂ ತೆಗೆದುಬಿಟ್ಟಿದಾಳೆ. ತಪ್ಪು ಅವಳದ್ದು, ಹುಳದ್ದಲ್ಲ.”

ಮಾವ ಕಿವಿ ಸವರಿಕೊಂಡರು.

ಟೈಲರಕ್ಕ ಪೆಟ್ಟಿಗೆಯ ಪಕ್ಕ ಅಗಲ ಬಟ್ಟಲಿನಲ್ಲಿ ನೀರಿಟ್ಟು, ಹುಳ ಮುಳುಗದಂತೆ ಬೆಣಚುಕಲ್ಲು ಹಾಕಿದಳು. ಅವು ಜನರ ತಲೆಯ ಮೇಲಿಂದ ಹಾರಲೆಂದು ಪೆಟ್ಟಿಗೆಯ ಮುಂದೆ ಆಳೆತ್ತರದ ಬಲೆ ಕಟ್ಟಿದಳು. ಮಾವ ಗೊಣಗುತ್ತಲೇ ತೊಟ್ಟಿಗೆ ಹಲಗೆ ಮುಚ್ಚಿದರು. ಎರಡು ದಿನ ಹುಳಗಳು ಹಲಗೆಯ ಸುತ್ತ ಹುಡುಕಾಡಿದವು. ಶನಿವಾರ ಒಂದೂ ಬರಲಿಲ್ಲ. ದಿನಾ ಸಂಜೆ ಹುಳಗಳಿಗೆ ಇಟ್ಟು ಅವಳ ಪಾಲಿನ ಬಾಟಲಿ ಅಷ್ಟರಲ್ಲಿ ಖಾಲಿಯಾಗಿತ್ತು. ಪೆಟ್ಟಿಗೆ ಎತ್ತಿದರೆ ಇನ್ನೂ ಹಗುರ.

ಜೇನು ಸಾಕಲು ಮನಸ್ಸು ಮಾಡಿದ ಅಕ್ಕ, ಅಣ್ಣಂದಿರೇ, ಪೆಟ್ಟಿಗೆ ತರುವ ಮುಂಚೆ ಬಲ್ಲವರಲ್ಲಿ ಕಲಿಯಿರಿ. ಅಕ್ಕಪಕ್ಕದವರನ್ನು ಕೇಳಿ. ಮೊದಲ ದಿನವೇ ನೀರಿಡಿ, ಒಣಗಲು ಬಿಡಬೇಡಿ. ಕುಟುಕಿದವರಿಗೆ ಉಸಿರು ಕಟ್ಟಿದರೆ, ಮುಖ ಊದಿದರೆ ತಕ್ಷಣ ಆಸ್ಪತ್ರೆಗೆ ಓಡಿ. ನಮ್ಮಲ್ಲಿ ಹುಳಕ್ಕೂ ಜೇನು ಅಂತಾರೆ, ತುಪ್ಪಕ್ಕೂ ಜೇನು ಅಂತಾರೆ. ಮೊದಲನೆಯದು ಬದುಕಿದರೆ ತಾನೇ ಎರಡನೆಯದು?

ಭಾನುವಾರ ಸಂಜೆ ಡ್ರೈವರ್ ಮಾವ ಏದುಸಿರು ಬಿಡುತ್ತ ತಾರಸಿಗೆ ಹತ್ತಿ ಬಂದರು. ಹೊಗೆಯ ಡಬ್ಬಿ ತಂದಿರಬಹುದೆಂದು ಟೈಲರಕ್ಕ ಪೆಟ್ಟಿಗೆಗೆ ಅಡ್ಡ ನಿಂತಳು. ಮಾವ ಮುಚ್ಚಳವನ್ನೂ ತೆಗೆಯದ ತಮ್ಮ ಜೇನಿನ ಬಾಟಲಿಯನ್ನು ಅವಳ ಕೈಗಿಟ್ಟು, ಪೆಟ್ಟಿಗೆಯತ್ತ ಬೆರಳು ತೋರಿಸಿ ಮೆಟ್ಟಿಲಿಳಿದರು.