ಹೆಬ್ಬೆರಳಿನ ದಾರ

ದಾರದ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಜಗನ್ನಾಥರ ಎರಡೂ ಕೈಗಳ ಹೆಬ್ಬೆರಳುಗಳನ್ನು ಜೋಡಿಸಿ ಯಾರೋ ಬಿಳಿ ನೂಲಿನಿಂದ ಬಿಗಿಯಾಗಿ ಕಟ್ಟಿದ್ದರು. ಚಂದ್ರಪ್ರಭಾ ಹೆಣದ ಪಕ್ಕ ಮಂಡಿಯೂರಿ ಕೂತು ಉಗುರಿನಿಂದ ಗಂಟನ್ನು ಕೆದಕುತ್ತಿದ್ದಳು. ಬಾಡಿಗೆಗೆ ತಂದಿದ್ದ ಐಸ್ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಆಗಷ್ಟೇ ತೆಗೆದಿದ್ದರು. ಬೆರಳುಗಳ ಮೇಲೆ ನೀರು ಹನಿಗಟ್ಟಿತ್ತು.

“ಬೇಗ ಮಾಡಮ್ಮ,” ಎಂದರು ಬಾಗಿಲಿಗೆ ಅಡ್ಡ ನಿಂತಿದ್ದ ಸೋಮಶೇಖರ. ಟ್ರಸ್ಟಿನ ಅಧ್ಯಕ್ಷರು ಅವರು, ಕೇಂದ್ರ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. “ಪುರೋಹಿತರು ಕೆಳಗೆ ಸ್ಕೂಟರ್ ನಿಲ್ಲಿಸ್ತಿದಾರೆ. ಸ್ನಾನ ಮಾಡಿಸೋಕೆ ಎಲ್ಲ ಒಳಗೆ ಬರ್ತಾರೆ ಈಗ.”

ಗಂಟು ಸಡಿಲವಾಯಿತು.

“ಸಾತ್ವಿಕ್, ಫೋನ್ ಹಿಡ್ಕೊ.”

ಸತ್ತವರ ಮಗ ಅಪ್ಪನ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. “ಆಂಟಿ, ನಂಗೆ ಇದು ಸರಿ ಅನ್ಸಲ್ಲ.”

“ನಂಗೂ ಅನ್ಸಲ್ಲ. ಹಿಡ್ಕೊ.”

ಅವಳು ಸೆರಗಿನಿಂದ ಹೆಬ್ಬೆರಳನ್ನು ಒರೆಸಿದಳು. ತನ್ನ ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿದಳು. ಬೆಚ್ಚಗಾಗಲಿಲ್ಲ. ಫೋನಿನ ಗಾಜಿನ ಮೇಲಿಟ್ಟು ಒತ್ತಿದಾಗ ಫೋನ್ ಒಮ್ಮೆ ನಡುಗಿತು. ‘ಮತ್ತೆ ಪ್ರಯತ್ನಿಸಿ.’ ಇನ್ನೊಮ್ಮೆ ಒತ್ತಿದಳು. ಎಡಗೈಯದನ್ನೂ ಒತ್ತಿದಳು. ಕೊನೆಗೆ ಸದ್ಯಕ್ಕೆ ಬೆರಳು ಬೇಡವೆಂದು ಫೋನ್ ಪಿನ್ ಕೇಳಿತು.

“ಜೀವ ಇರೋ ಬೆರಳು ಬೇಕು ಅದಕ್ಕೆ,” ಎಂದ ಸಾತ್ವಿಕ್. “ಪಿನ್ ಗೊತ್ತಿಲ್ಲ. ನನ್ನ ಬರ್ತ್‌ಡೇ ಹಾಕ್ದೆ, ಅಮ್ಮಂದು ಹಾಕ್ದೆ, ರಿಟೈರ್ ಆಗಿದ್ದ ದಿನಾನೂ ಹಾಕ್ದೆ. ನಹೀ ಹುವಾ, ಯಾವ್ದೂ ಆಗ್ಲಿಲ್ಲ.”

“ಸಿಮ್ ತೆಗೆದು ನನ್ನ ಫೋನಿಗೆ ಹಾಕಪ್ಪ, ಅಷ್ಟೇ ತಾನೇ?” ಎಂದರು ಸೋಮಶೇಖರ.

“ತೆಗೆಯೋಕೆ ಸಿಮ್ಮೇ ಇಲ್ಲ ಅಂಕಲ್. ಫೋನ್ ಒಳಗೇ ಇರುತ್ತೆ ಇದ್ರದ್ದು. ಹೋದ ದೀವಾಳಿಗೆ ನಾನೇ ಕೊಡ್ಸಿದ್ದು. ಸೇಫ್ ಅಂತ.” ‘ಸೇಫ್’ ಎನ್ನುವಾಗ ಅವನ ಬಾಯಿ ಸೊಟ್ಟಗಾಯಿತು. “ಮೆಸೇಜ್ ಬಂದ್ರೂ ಮೇಲೆ ಕಾಣಲ್ಲ. ಅದನ್ನೂ ನಾನೇ ಸೆಟ್ ಮಾಡಿದ್ದು.”

ಆ ಫೋನಿಗೆ ಬರುವ ಒಂದು ಓಟಿಪಿ ಇವತ್ತೇ ಬೇಕಿತ್ತು. ಟ್ರಸ್ಟಿನ ಆಡಿಟ್ ವರದಿಯನ್ನು ಸಿಎ ತೆರಿಗೆ ಇಲಾಖೆಯ ಪೋರ್ಟಲ್ಲಿಗೆ ಏರಿಸಿ ಒಂದು ವಾರವಾಗಿತ್ತು. ಆದರೆ ಏರಿಸಿದರೆ ಸಾಲದು, ಟ್ರಸ್ಟಿನ ಕಡೆಯಿಂದ ಒಬ್ಬರು ಅದನ್ನು ಒಪ್ಪಬೇಕು. ಒಪ್ಪಬೇಕಾಗಿದ್ದ ಒಬ್ಬರು ಖಜಾಂಚಿ ಜಗನ್ನಾಥ. ಇವತ್ತು ಕೊನೆಯ ದಿನ. ದಾಟಿದರೆ ಟ್ರಸ್ಟಿಗಿರುವ ತೆರಿಗೆ ವಿನಾಯಿತಿ ಹೋಗುತ್ತದೆ, ಜನ ಕೊಟ್ಟ ದಾನವೆಲ್ಲ ಆದಾಯವಾಗುತ್ತದೆ, ಅದಕ್ಕೆ ತೆರಿಗೆ ಕಟ್ಟುವಷ್ಟರಲ್ಲಿ ಚಂದ್ರಪ್ರಭಾ ನಡೆಸುವ ರೋಗಿಗಳ ಮನೆಯ ಬಾಗಿಲು ಮುಚ್ಚುತ್ತದೆ.

“ಏನದು, ಪ್ರಭಾ?”

ಒಳಕೋಣೆಯಿಂದ ಶಾರದಮ್ಮ ಬಂದಿದ್ದರು. ಅವರು ಗಂಡನ ಬಿಡಿಬಿಡಿಯಾದ ಕೈಗಳನ್ನು ನೋಡಿದರು, ಫೋನನ್ನು ನೋಡಿದರು.

“ಬದುಕಿದ್ದಾಗ ಒತ್ತಿಸೋಕಾಗ್ಲಿಲ್ಲ ನಿಮ್ಮ ಕೈಲಿ,” ಎಂದರು. ದನಿ ಏರಿರಲಿಲ್ಲ.

“ಶಾರದಮ್ಮನೋರೇ, ಇವತ್ತು ತಪ್ಪಿದ್ರೆ...” ಎಂದರು ಸೋಮಶೇಖರ.

“ಗೊತ್ತು. ಒಂದು ವಾರದಿಂದ ಊಟಕ್ಕೆ ಕೂತ್ರೂ ಅದೇ ಮಾತು.” ಅವರು ನೆಲದ ಮೇಲಿದ್ದ ದಾರವನ್ನು ಎತ್ತಿಕೊಂಡರು. “ಸುಡೋ ತನಕ ಇದನ್ನ ಬಿಚ್ಚಬಾರದು.”

ಕಟ್ಟಲು ಹೋದರು. ದಾರ ಜಾರಿತು. ಮತ್ತೆ ಸುತ್ತಿದರು.

“ಗಂಟಿನ ಮೇಲೆ ಬೆರಳಿಡು,” ಎಂದರು ಚಂದ್ರಪ್ರಭಾಳಿಗೆ. ಅವಳು ಇಟ್ಟಳು.

*

ಜಗನ್ನಾಥ ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದು, ಲೆಕ್ಕಪತ್ರ ಕಚೇರಿಯೊಂದರಲ್ಲಿ ದುಡಿದು, ನಿವೃತ್ತಿಯ ಹಣದಲ್ಲಿ ಪೀತಮ್‌ಪುರದಲ್ಲಿ ಫ್ಲ್ಯಾಟು ಕೊಂಡವರು. ಹೇಳಿಕೊಳ್ಳುವಂಥ ಗುಣವಂತರೇನಲ್ಲ. ಒಂದೇ ಹಳೆಯ ಆಫೀಸಿನ ಜೋಕನ್ನು ಎಲ್ಲರಿಗೂ ಹೇಳುತ್ತಿದ್ದರು. ಚಹಾವನ್ನು ಸೊರಸೊರ ಕುಡಿಯುತ್ತಿದ್ದರು. ಮೆಟ್ರೋದಲ್ಲಿ ಪಕ್ಕದವರ ಫೋನನ್ನು ಇಣುಕಿ ಓದುತ್ತಿದ್ದರು.

ಶನಿವಾರಗಳಂದು ಕಿದ್ವಾಯಿ ನಗರದ ಹಿಂದಿನ ಗಲ್ಲಿಯಲ್ಲಿರುವ ರೋಗಿಗಳ ಮನೆಗೆ ಬರುತ್ತಿದ್ದರು. ದೊಡ್ಡಾಸ್ಪತ್ರೆಗೆಂದು ಕರ್ನಾಟಕದಿಂದ ಬಂದು ಫುಟ್‌ಪಾತಿನಲ್ಲಿ ಮಲಗಬೇಕಾದವರು ಅಲ್ಲಿ ಚಾಪೆ ಹಾಸಿಕೊಂಡು, ತಮ್ಮ ರೊಟ್ಟಿ ತಾವು ತಟ್ಟಿಕೊಂಡು ಇರುತ್ತಿದ್ದರು. ಜಗನ್ನಾಥ ಊಟದ ಮೇಜಿಗೆ ಕೂತು ವಾರದ ಚೀಟಿಗಳನ್ನು ಹರಡಿಕೊಳ್ಳುತ್ತಿದ್ದರು.

“ಈ ತರಕಾರಿಗೆ ರಸೀದಿ ಎಲ್ಲಮ್ಮ?”

“ಗಾಡಿ ಭಯ್ಯಾ ರಸೀದಿ ಕೊಡ್ತಾನಾ ಸರ್? ಕೇಳಿದ್ರೆ ನಗ್ತಾನೆ.”

“ಹಾಗಾದ್ರೆ ನೀನೇ ಬರೆದು ಸೈನ್ ಮಾಡು. ಆದ್ರೆ ಬದನೇಕಾಯಿ ತಂದಿದ್ರೆ ಬದನೇಕಾಯಿ ಅಂತ್ಲೇ ಬರಿ. ಇತರೆ ಅಂತ ಬರೀಬೇಡ.”

ಟ್ರಸ್ಟಿನ ಯಾವ ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದರೂ ಸೋಮಶೇಖರ ಒಂದೇ ಮಾತು ಹೇಳುತ್ತಿದ್ದರು: “ನಮ್ಮ ಜಗನ್ನಾಥಂದು ಹಾಕಿ. ಅವ್ನು ಮೊದಲ ರಿಂಗಿಗೇ ಎತ್ತುತ್ತಾನೆ, ಇನ್ನೇನು ಕೆಲ್ಸ ಅವ್ನಿಗೆ!” ಸಭೆ ನಗುತ್ತಿತ್ತು. ಜಗನ್ನಾಥರೂ ನಗುತ್ತಿದ್ದರು. ಬ್ಯಾಂಕಿಗೆ ಅದೇ ನಂಬರು, ತೆರಿಗೆ ಪೋರ್ಟಲ್ಲಿಗೂ ಅದೇ. ಮನೆಯಲ್ಲೂ ಹಾಗೆಯೇ. ಸಾತ್ವಿಕನ ಶಾಲೆಯ ಅರ್ಜಿಯಿಂದ ಹಿಡಿದು ಮೊನ್ನೆ ಬಂದ ಪಾರ್ಸೆಲ್ಲಿನವರೆಗೆ ಎಲ್ಲದಕ್ಕೂ ಅಪ್ಪನ ನಂಬರೇ. ಅವನಿಗೆ ತನ್ನ ನಂಬರಿಗಿಂತ ಅದು ಚೆನ್ನಾಗಿ ಬಾಯಿಗೆ ಬರುತ್ತಿತ್ತು.

*

ಸ್ನಾನ ಮುಗಿದು ಹೆಣವನ್ನು ಚಟ್ಟಕ್ಕೆ ಕಟ್ಟುತ್ತಿದ್ದಾಗ ಚಂದ್ರಪ್ರಭಾ ಮೆಟ್ಟಿಲ ಮೂಲೆಯಲ್ಲಿ ನಿಂತು ಸಿಎ ಹೃಷಿಕೇಶನಿಗೆ ಫೋನ್ ಮಾಡಿದಳು. ಆಚೆ ಕಡೆಯಿಂದ ಒಂದೇ ಸಮನೆ ಕೀಲಿಮಣೆಯ ಸದ್ದು.

“ಮೇಡಂ, ಓಟಿಪಿ ಸಿಕ್ತಾ?”

“ಇಲ್ಲ. ಬೆರಳು ತಗೊಳ್ತಿಲ್ಲ.”

“ಯಾರ ಬೆರಳು? ಬೇಡ, ಹೇಳ್ಬೇಡಿ. ನಾನು ಕೇಳಿಸ್ಕೊಂಡಿಲ್ಲ.”

“ಅವರ ಹೆಸರು ತೆಗೆದು ಸೋಮಶೇಖರ್ ಸರ್ ಹೆಸರು ಹಾಕೋಕಾಗಲ್ವಾ?”

“ಆಗತ್ತೆ. ಬದಲಾಯಿಸೋಕೆ ಮೊದಲು ಹಳೇ ನಂಬರಿಗೆ ಓಟಿಪಿ ಬರತ್ತೆ.”

ಅವಳು ಗೋಡೆಗೆ ಒರಗಿದಳು.

“ಇನ್ನೊಂದು ದಾರಿ ಅಂದ್ರೆ, ಡೆತ್ ಸರ್ಟಿಫಿಕೇಟ್ ತಗೊಂಡು, ಟ್ರಸ್ಟ್ ಮೀಟಿಂಗ್ ಮಾಡಿ ರೆಸಲ್ಯೂಷನ್ ಕೊಟ್ಟು, ತಡ ಆಗಿದ್ದಕ್ಕೆ ಕ್ಷಮೆ ಕೇಳಿ ಅರ್ಜಿ ಹಾಕ್ಬೇಕು. ಅದಕ್ಕೆ ಉತ್ತರ ಬರೋಕೆ ವರ್ಷ ಆಗ್ಬಹುದು. ಬರದೇನೂ ಇರ್ಬಹುದು.”

“ಡೇಟ್ ಮುಂದಕ್ಕೆ ಹಾಕ್ತಾರೆ ಅಂತಿದ್ರಲ್ಲ?”

“ಎಲ್ರೂ ಅದನ್ನೇ ಕಾಯ್ತಿದೀವಿ ಮೇಡಂ. ಅಚ್ಛಾ, ಇಡ್ತೀನಿ, ಇನ್ನೂ ತುಂಬಾ ಫೈಲ್ ಇದೆ. ಸಾರಿ.”

ಕೆಳಗೆ ಈಶ್ವರಪ್ಪ ಕಾಯುತ್ತಿದ್ದ. ಹಾವೇರಿ ಕಡೆಯವನು, ಮಗಳ ಹೃದಯದ ಆಪರೇಷನ್ನಿಗೆ ಬಂದು ರೋಗಿಗಳ ಮನೆಯಲ್ಲಿದ್ದಾನೆ. ಕೈಯಲ್ಲಿ ಚೆಂಡುಹೂವಿನ ಹಾರವಿತ್ತು.

“ಅಕ್ಕಾರ, ನಾನೂ ಹೆಗಲು ಕೊಡ್ಲೇನ್ರಿ? ನಮ್ಮಂಥವ್ರು ಕೊಟ್ರ ನಡೀತೈತೋ ಇಲ್ಲೋ.”

“ಕೊಡಿ.”

“ಭಾಳ ಕಿರಿಕಿರಿ ಮಾಡ್ತಿದ್ರು ನೋಡ್ರಿ ಸಾಹೇಬ್ರು. ನಾ ಐವತ್ತು ರೂಪಾಯಿ ಹುಂಡಿಗೆ ಹಾಕಿದ್ರ ಹಿಂದಿಂದ ಓಡಿ ಬಂದು ರಸೀದಿ ಕೊಟ್ರು. ಏನ್ ಮಾಡ್ಲಿ ಅದನ್ನ? ಕಿಸೆದಾಗ ಇಟ್ಟೀನಿ.” ಅವನು ನಕ್ಕ, ತಕ್ಷಣ ನಗು ತಪ್ಪೆನಿಸಿ ಬಾಯಿ ಒರೆಸಿಕೊಂಡ. “ಡಾಕ್ಟರ್ ಇನ್ನೊಂದು ಆಪರೇಷನ್ ಅಂದಾರ್ರಿ. ಚಳಿ ಮುಗಿಯೂತನಾ ಇರಬೇಕಾಕ್ಕೈತಿ. ಜಾಗಕ್ಕೇನು ತೊಂದ್ರಿ ಇಲ್ಲಲ್ರಿ?”

ಚಂದ್ರಪ್ರಭಾ ಅವನ ಕೈಯಲ್ಲಿದ್ದ ಹಾರವನ್ನು ನೋಡಿದಳು. “ಹೂವು ಬಾಡ್ತಿದೆ. ಮೇಲೆ ಹೋಗಿ ಹಾಕಿ,” ಎಂದಳು.

ಚಟ್ಟ ಇಳಿಯುವಾಗ ಶಾರದಮ್ಮ ಮೆಟ್ಟಿಲ ತನಕ ಬಂದರು. ಗಂಡನ ಫೋನನ್ನು ಚಂದ್ರಪ್ರಭಾಳ ಕೈಗಿಟ್ಟರು. “ನೀನೇ ಇಟ್ಕೊ. ನಂಗೆ ಅದು ನಡುಗೋದು ಕೇಳೋಕಾಗಲ್ಲ.”

*

ಹೋದ ಶನಿವಾರವೂ ಜಗನ್ನಾಥ ರೋಗಿಗಳ ಮನೆಯ ಅದೇ ಮೇಜಿಗೆ ಕೂತಿದ್ದರು. ಚೀಟಿಗಳಿರಲಿಲ್ಲ, ಹೃಷಿಕೇಶ ಕಳಿಸಿದ ವರದಿಯ ಪ್ರತಿ ಇತ್ತು.

ಒಂದು ಕಂಪನಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ವ್ಯಾನ್ ಕೊಳ್ಳಿ ಎಂದು ಹಣ ಕೊಟ್ಟಿತ್ತು. ಅದೇ ತಿಂಗಳು ಮನೆಯ ಮಾಲೀಕ ಬಾಡಿಗೆ ಏರಿಸಿದ. ವರ್ಷದ್ದನ್ನು ಮುಂಗಡ ಕೊಡಿ, ಇಲ್ಲವೇ ಬಿಡಿ ಎಂದ. ವ್ಯಾನಿನ ಹಣ ಬಾಡಿಗೆಗೆ ಹೋಯಿತು. ಕಂಪನಿಗೆ ಆಮೇಲೆ ಬರೆದು ತಿಳಿಸೋಣ ಎಂದುಕೊಂಡರು. ಯಾರೂ ಬರೆಯಲಿಲ್ಲ. ವರದಿಯಲ್ಲಿ ಅದು ‘ರೋಗಿಗಳ ಸಾರಿಗೆ ವೆಚ್ಚ’ ಆಗಿತ್ತು.

“ಇದನ್ನ ನಾನು ಒಪ್ಪಲ್ಲ,” ಎಂದರು ಜಗನ್ನಾಥ.

“ಚೆಕ್ಕಿಗೆ ಸೈನ್ ಮಾಡಿದ್ದು ನೀವೇ ಅಲ್ವಾ ಸರ್?”

“ಹೌದು. ಬಾಡಿಗೆಗೆ ಮಾಡ್ದೆ. ಬಾಡಿಗೆ ಅಂತ್ಲೇ ಬರೀಲಿ.”

“ಹಾಗೆ ಬರೆದ್ರೆ ಕಂಪನಿ ದುಡ್ಡು ವಾಪಸ್ ಕೇಳತ್ತೆ. ಮುಂದೆ ಕೊಡೋದೂ ಇಲ್ಲ.”

“ಕೇಳ್ಬಹುದು.”

“ಆಮೇಲೆ ಇವರೆಲ್ಲ ಎಲ್ಲಿಗೆ ಹೋಗ್ಬೇಕು? ನೀವು ಪೀತಮ್‌ಪುರಕ್ಕೆ ಕರ್ಕೊಂಡು ಹೋಗ್ತೀರಾ?”

ಒಳಗೆ ಈಶ್ವರಪ್ಪನ ಮಗಳು ಕೆಮ್ಮುತ್ತಿದ್ದಳು. ಜಗನ್ನಾಥ ಚಹಾ ಮುಗಿಸಿ ತಳದ ಸಕ್ಕರೆಯನ್ನು ಲೋಟ ಅಲ್ಲಾಡಿಸಿ ಕುಡಿದರು.

“ಟೈಮ್ ಇದೆ ಇನ್ನೂ. ಡೇಟ್ ಮುಂದಕ್ಕೆ ಹಾಕೇ ಹಾಕ್ತಾರೆ. ನೋಡೋಣ,” ಎಂದರು. ಅವರಿಗೂ ದಾರಿ ಗೊತ್ತಿಲ್ಲ, ಮುಂದೂಡುತ್ತಿದ್ದಾರೆ ಎಂದು ಅವಳಿಗೆ ಆಗ ಖಾತ್ರಿಯಾಯಿತು. ಸಿಟ್ಟು ಬಂತು.

“ನಿಮ್ಮದೊಂದು ಹೆಬ್ಬೆರಳಿಗೋಸ್ಕರ ಇಷ್ಟು ಜನ ಬೀದಿಗೆ ಬೀಳ್ಬೇಕಾ ಸರ್?”

ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು, ಅದು ಅಷ್ಟು ದೊಡ್ಡದೆಂದು ಗೊತ್ತಿರದವರ ಹಾಗೆ. ಆಮೇಲೆ ಚೀಲ ಹೆಗಲಿಗೇರಿಸಿ ಮೆಟ್ರೋಗೆ ಹೊರಟುಹೋದರು. ನಿನ್ನೆ ಸಂಜೆ ಹಾಲಿನ ಬೂತಿನ ಸಾಲಿನಲ್ಲಿ ನಿಂತಿದ್ದವರು ಹಾಗೇ ಕುಸಿದರು. ಹಿಂದಿದ್ದವನು ಹಿಡಿದುಕೊಂಡನಂತೆ.

*

ಶ್ಮಶಾನದ ಹೊರಗೆ ಹೊಗೆ ಹಿಡಿದ ಆಕಾಶವಿತ್ತು. ಒಳಗೆ ಗ್ಯಾಸಿನ ಕುಲುಮೆಗೆ ಸರದಿ. ಸರದಿ ಬಂದಾಗ ಶ್ಮಶಾನದ ನೌಕರ ಸಣ್ಣ ಕತ್ತರಿಯಿಂದ ಹೆಬ್ಬೆರಳಿನ ದಾರವನ್ನು ಒಂದೇ ಸಲಕ್ಕೆ ಕತ್ತರಿಸಿದ. ಚಂದ್ರಪ್ರಭಾಳ ಕಣ್ಣು ಆ ಕತ್ತರಿಯ ಮೇಲಿತ್ತು. ಟ್ರಾಲಿ ಒಳಗೆ ಸರಿಯಿತು. ಬಾಗಿಲು ಇಳಿಯಿತು. ಈಶ್ವರಪ್ಪ ಕೈ ಮುಗಿದ.

ಸೋಮಶೇಖರ ಪಕ್ಕಕ್ಕೆ ಬಂದು ತಮ್ಮ ಫೋನನ್ನು ಅವಳ ಮುಖದ ಮುಂದೆ ಹಿಡಿದರು. ಹೃಷಿಕೇಶನ ಸಂದೇಶ: ‘ದಿನಾಂಕ ವಿಸ್ತರಣೆ ಇಲ್ಲ. ಇಲಾಖೆ ಖಚಿತಪಡಿಸಿದೆ.’

“ನಾವು ಮಾಡೋದೆಲ್ಲ ಮಾಡಿದ್ವಲ್ಲಮ್ಮ,” ಎಂದರು.

“ಏನು ಮಾಡಿದ್ವಿ ಸರ್?”

ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು.

ಗುಮಾಸ್ತನ ಕಿಟಕಿಯ ಮುಂದೆ ಸಾತ್ವಿಕ್ ಒದ್ದೆ ಪಂಚೆಯಲ್ಲಿ ನಿಂತಿದ್ದ. ಸಾವಿನ ಪ್ರಮಾಣಪತ್ರಕ್ಕೆ ಇಲ್ಲಿಯ ಚೀಟಿ ಬೇಕು. ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳುತ್ತಾ ಹೋದ. ಸತ್ತವರ ಹೆಸರು, ತಂದೆಯ ಹೆಸರು, ವಿಳಾಸ. ಸಾತ್ವಿಕ್ ಹೇಳುತ್ತಾ ಹೋದ.

“ಮೊಬೈಲ್ ನಂಬರ್ ಬೋಲಿಯೇ.”

ಸಾತ್ವಿಕ್ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ.

“ಓಟಿಪಿ ಆಯಾ ಹೋಗಾ. ಬತಾಯಿಯೇ.”

ಚಂದ್ರಪ್ರಭಾಳ ಚೀಲದೊಳಗೆ ಫೋನ್ ನಡುಗಿತು.

ಸಾತ್ವಿಕ್ ತಿರುಗಿ ನೋಡಿದ. ತಾನು ಯಾವ ನಂಬರು ಹೇಳಿದೆನೆಂದು ಆಗ ಅವನಿಗೆ ತಿಳಿಯಿತು. ಅವಳು ಫೋನನ್ನು ತೆಗೆದು ಇಬ್ಬರ ನಡುವೆ ಹಿಡಿದಳು. ಪರದೆ ಬೆಳಗಿತ್ತು. ಒಂದು ಹೊಸ ಸಂದೇಶ. ಅದರ ಕೆಳಗೆ ಬೆರಳಿನ ಗುರುತು.

“ಜಲ್ದಿ ಭಾಯಿ, ಪೀಛೇ ಲೈನ್ ಹೈ,” ಎಂದ ಗುಮಾಸ್ತ.

ಸಾತ್ವಿಕ್ ತನ್ನ ಹೆಬ್ಬೆರಳನ್ನು ಗುರುತಿನ ಮೇಲಿಟ್ಟ. ಫೋನ್ ಒಮ್ಮೆ ನಡುಗಿ, ಪಿನ್ ಕೇಳಿತು. ಅವನು ಬೆರಳು ತೆಗೆಯಲಿಲ್ಲ. ಪರದೆ ತಾನಾಗಿ ಆರುವವರೆಗೂ ಒತ್ತಿಕೊಂಡೇ ನಿಂತಿದ್ದ.