ಒತ್ತಿದ್ದಕ್ಕೆ ಒತ್ತು ಹೋಯಿತು

ತುರುವೇಕೆರೆ ಬಸ್ ಸ್ಟ್ಯಾಂಡಿನ ಹಿಂದಿರುವ ತೋಂಟದಾರ್ಯ ಪ್ರಿಂಟರ್ಸ್‌ನಲ್ಲಿ ಇರುವುದು ಒಂದೇ ಕಂಪ್ಯೂಟರು. ದಿನಾ ಬೆಳಿಗ್ಗೆ ಅದರ ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡುತ್ತಿತ್ತು: ಹೊಸ ಅಪ್‌ಡೇಟ್ ಸಿದ್ಧವಾಗಿದೆ, ಈಗ ಹಾಕಲೇ, ಆಮೇಲೆ ಹಾಕಲೇ? ಅಕ್ಷರ ಜೋಡಿಸುವ ರಂಗನಾಥ ದಿನಾ ‘ಆಮೇಲೆ’ ಒತ್ತುತ್ತಿದ್ದ. ಹಿಂದೆ ಹಳ್ಳಿಗಳಲ್ಲಿ ಬಾಗಿಲ ಮೇಲೆ ದೆವ್ವಕ್ಕೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರಲ್ಲ, ಹಾಗೆ. ದೆವ್ವ ಅಷ್ಟು ಓದಿಕೊಂಡು ವಾಪಸ್ಸು ಹೋಗುವಷ್ಟು ವಿದ್ಯಾವಂತ. ಅಪ್‌ಡೇಟೂ ಅಷ್ಟೇ ಮರ್ಯಾದಸ್ಥ.

ಹೆದರಿಕೆಗೆ ಕಾರಣವಿತ್ತು. ಪ್ರೆಸ್ಸಿನ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಬಹಳ ಹಳೆಯದು. ‘ಅಪ್‌ಡೇಟ್ ಹಾಕುದ್ರೆ ಅದು ನಡೀತದೋ ಮಲಗ್ತದೋ, ನಾನಂತೂ ಗ್ಯಾರಂಟಿ ಕೊಡಲ್ಲ’ ಎಂದು ತಿಪಟೂರಿನಿಂದ ರಿಪೇರಿಗೆ ಬರುವ ಜ್ಞಾನೇಶ್ ಹೇಳಿ ಹೋಗಿದ್ದ. ಗ್ಯಾರಂಟಿ ಇಲ್ಲದ ಯಾವುದನ್ನೂ ಮಾಲೀಕ ತೋಂಟದಾರ್ಯರು ಒಳಗೆ ಬಿಟ್ಟುಕೊಳ್ಳುವವರಲ್ಲ.

ರಂಗನಾಥ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದವನು. ಆ ಓದಿನಿಂದ ಅವನಿಗೆ ದಕ್ಕಿದ್ದು ಎರಡು ಚಟ: ಪದಗಳ ಕಾಲೆಳೆಯುವುದು, ಗಿರಾಕಿಗಳ ದನಿ ತೆಗೆದು ಅಣಕಿಸುವುದು. ಅವನು ತೆಗೆಯುತ್ತಿದ್ದ ದನಿಗಳಲ್ಲೆಲ್ಲ ಪಕ್ಕಾ ಬರುತ್ತಿದ್ದದ್ದು ನೊಣವಿನಕೆರೆ ಕಡೆಯ ಗಿಡ್ಡಯ್ಯನದು. ಗಿಡ್ಡಯ್ಯನ ನಾಲಿಗೆಯ ಮೇಲೆ ಪದದ ಮೊದಲಿನ ‘ರ’ ಒತ್ತು ನಿಲ್ಲುತ್ತಿರಲಿಲ್ಲ. ಪ್ರಚಾರ ಪಚಾರವಾಗುತ್ತಿತ್ತು, ಪ್ರಗತಿ ಪಗತಿಯಾಗುತ್ತಿತ್ತು, ಪ್ರೆಸ್ಸು ಪೆಸ್ಸಾಗುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಗಿಡ್ಡಯ್ಯ ಹೆಂಡತಿ ಚಿಕ್ಕಗೌರಮ್ಮನ ಜೊತೆ ಪೆಸ್ಸಿಗೆ ಬಂದ. ಅವರ ಊರಿನ ತೆಂಗು ಬೆಳೆಗಾರರ ಸಂಘಕ್ಕೆ ಭಾನುವಾರ ಚುನಾವಣೆ. ಮಹಿಳೆಯರಿಗೆ ಮೀಸಲಾದ ನಿರ್ದೇಶಕರ ಜಾಗಕ್ಕೆ ಚಿಕ್ಕಗೌರಮ್ಮ ನಿಂತಿದ್ದಳು, ಎದುರಾಳಿ ರಾಮಕ್ಕ. ಕರಪತ್ರ ಅವತ್ತೇ ಅಚ್ಚಾಗಬೇಕಿತ್ತು.

ಕಳೆದ ಸಲ ಅದೇ ಜಾಗದಲ್ಲಿ ಗೆದ್ದವಳು ಗಿಡ್ಡಯ್ಯನ ತಾಯಿ. ಅವಧಿ ಮುಗಿಯುವವರೆಗೂ ಆ ಕುರ್ಚಿಯಲ್ಲಿ ಕೂತವನು ಗಿಡ್ಡಯ್ಯ. ಕೊನೆಯ ವರ್ಷ ಆ ಮುದುಕಿ ಯಾರನ್ನೋ ಕೇಳಿದಳಂತೆ: ‘ಈ ಸಂಗದ ಕಟ್ಟಡ ಯಾವ್ ಕಡೀಕಪ್ಪ ಬರೋದು?’

ಚಿಕ್ಕಗೌರಮ್ಮನ ಲೆಕ್ಕ ಬೇರೆ. ಮನೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಯಾವ ಕಾಯಿ ಹಾಕಬೇಕು, ಯಾವಾಗ ಇಳಿಸಬೇಕು ಎಂದು ಹೇಳುವವಳು ಅವಳೇ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಸಂಘದಲ್ಲಿ ಬಡಪಾಯಿಗಳ ಕೊಬ್ಬರಿಯನ್ನು ನೋಡದೆಯೇ ‘ಹಸಿ’ ಎಂದು ವಾಪಸ್ಸು ಕಳಿಸುವುದನ್ನು ಅವಳು ಕಂಡಿದ್ದಳು. ಗೆದ್ದರೆ ಆ ಕುರ್ಚಿಯ ಮೇಲೆ ತಾನೇ ಕೂರಬೇಕು. ಇಲ್ಲದಿದ್ದರೆ ಗೆಲ್ಲುವುದೇ ಬೇಡ.

ಗಿಡ್ಡಯ್ಯ ನಿಂತುಕೊಂಡೇ ಹೇಳಿ ಬರೆಸಿದ. ‘ಮೊದ್ಲು ಹಾಕು, ಶೀ ಗಿಡ್ಡಯ್ಯನವರ ಪತ್ನಿ ಚಿಕ್ಕಗೌರಮ್ಮ.’

ರಂಗನಾಥ ಸರಿಯಾಗಿಯೇ ಹೊಡೆದ: ಶ್ರೀ ಗಿಡ್ಡಯ್ಯನವರ ಪತ್ನಿ ಚಿಕ್ಕಗೌರಮ್ಮ.

‘ಪತ್ನಿ ಗಿತ್ನಿ ಯಾಕೆ ಬುಡಿ’ ಎಂದಳು ಚಿಕ್ಕಗೌರಮ್ಮ. ‘ಬರೀ ನನ್ನೆಸ್ರು ಇರ್ಲಿ. ನಿಂತಿರೋಳು ನಾನು ತಾನೆ?’

‘ನಿಂತಿರೋಳು ನೀನು, ಕೂರೋನು ನಾನು. ನನ್ ಮಕ ನೋಡ್ಕಂಡೇ ಓಟಾಕೋದು. ಲೇ ರಂಗ, ನನ್ ಫೋಟೊ ಒಸಿ ದೊಡ್ಡದ್ ಮಾಡು.’

‘ಎಷ್ಟ್ ದೊಡ್ಡದು ಮಾಡುದ್ರೂ ಗಿಡ್ಡಯ್ಯನೇ ಅಲ್ವೇನಣ್ಣ’ ಎಂದ ರಂಗನಾಥ.

ಚಿಕ್ಕಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗಿಡ್ಡಯ್ಯನಿಗೆ ಅರ್ಥವಾಗಲಿಲ್ಲ, ಅಥವಾ ಆಗದ ಹಾಗೆ ಇದ್ದ. ಪ್ರಾಮಾಣಿಕ, ಪ್ರಗತಿಪರ ಎಂದು ಸೇರಿಸಲು ಹೇಳಿ, ಕೊನೆಗೆ ‘ಏಣಿ ಗುರುತಿಗೆ ನಿಮ್ಮ ಮತ’ ಎಂದು ಮುಗಿಸಿದ. ಅಷ್ಟರಲ್ಲಿ ಒಳಗಿನಿಂದ ತೋಂಟದಾರ್ಯರು ಕಾಗದದ ರಿಮ್ಮು ಇಳಿಸಲು ಕರೆದರು. ರಂಗನಾಥ ಎದ್ದು ಹೋದ.

ಚೌಕ ಮೂಡಿದ್ದು ಆಗಲೇ. ರಂಗನಾಥ ಬರುವ ಹೊತ್ತಿಗೆ ಪರದೆಯೆಲ್ಲ ನೀಲಿ, ನಡುವೆ ಚುಕ್ಕೆಗಳು ಸುತ್ತು ಬರುತ್ತಿದ್ದವು.

‘ಯಾರು ಮುಟ್ಟಿದ್ದು?’

‘ಅದೇನೋ ಕೇಳ್ತಾ ಇತ್ತು ಕಣ್ಲಾ. ಇದುನ್ನ ಒತ್ತು ಅಂತಿತ್ತು, ಒತ್ತಿದೆ’ ಎಂದ ಗಿಡ್ಡಯ್ಯ. ಸಂಘದ ಕಾಗದಗಳಿಗೆ ಮನೆಯಲ್ಲೇ ಅಮ್ಮನ ಹೆಬ್ಬೆಟ್ಟು ಹಿಡಿದು ಒತ್ತಿಸಿದವನಿಗೆ ಒತ್ತುವ ಮುಂಚೆ ಓದುವ ಅಭ್ಯಾಸ ಇರಲಿಲ್ಲ.

ಕಂಪ್ಯೂಟರನ್ನು ಆರಿಸಬೇಡಿ ಎಂದು ಪರದೆ ಹೇಳುತ್ತಿತ್ತು. ಚುಕ್ಕೆಗಳು ಸುತ್ತಿದವು. ತೋಂಟದಾರ್ಯರು ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿದ್ದರೂ ಒರೆಸಿಕೊಳ್ಳದೆ ನಿಂತರು. ಗಿಡ್ಡಯ್ಯನ ತಾಳ್ಮೆ ಮುಗಿದು ಪ್ಲಗ್ಗಿನ ಕಡೆ ಕೈ ಹೋಯಿತು. ಚಿಕ್ಕಗೌರಮ್ಮ ಅಡ್ಡ ಬಂದಳು. ಕೆಳಗಿದ್ದ ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಕೊಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟಿದಳು.

‘ಒಳಗೆ ಇನ್ನೂ ಕೆಲ್ಸ ನಡೀತೈತೆ. ಸುಮ್ಕಿರಿ. ಅಟ್ಟದ ಕಾಯಿನ ದಿನಾ ಇಳ್ಸಿ ನೋಡುದ್ರೆ ಕೊಬ್ರಿ ಆಯ್ತದಾ?’

ಗಿಡ್ಡಯ್ಯ ಕೈ ಹಿಂದಕ್ಕೆ ತೆಗೆದ. ಕಂಪ್ಯೂಟರು ತಾನೇ ಆರಿತು, ತಾನೇ ಹತ್ತಿತು. ಎಲ್ಲ ಮೊದಲಿನಂತೆಯೇ ಕಂಡಿತು. ರಂಗನಾಥ ಎದೆ ಹಗುರ ಮಾಡಿಕೊಂಡು ಕರಪತ್ರ ತೆರೆದ.

ಶೀ ಗಿಡಯನವರ ಪತಿ ಚಿಕಗೌರಮ.

ಅವನು ಕಣ್ಣುಜ್ಜಿಕೊಂಡ. ಒತ್ತಕ್ಷರದ ಕೀಲಿ ಒತ್ತಿದ. ಒತ್ತು ಬರಲಿಲ್ಲ. ಇನ್ನೊಂದು ಸಲ ಒತ್ತಿ ಒತ್ತಿ ಒತ್ತಿದ. ಚುನಾವಣೆಯ ಒತ್ತಡ ಇತ್ತು, ಗಿಡ್ಡಯ್ಯನ ಒತ್ತಾಯ ಇತ್ತು, ಮಾಲೀಕರ ಒತ್ತಾಸೆ ಇತ್ತು. ಒತ್ತು ಮಾತ್ರ ಇರಲಿಲ್ಲ. ಬೇರೆ ಕೆಲಸಗಳನ್ನು ತೆರೆದು ನೋಡಿದ. ತಿಪಟೂರಿಗೆ ಏನೂ ಆಗಿರಲಿಲ್ಲ, ತುರುವೇಕೆರೆಯೂ ಕ್ಷೇಮ. ಹೆಸರಿನಲ್ಲಿ ಒತ್ತಿಲ್ಲದ ಊರುಗಳು ಬದುಕಿಕೊಂಡಿದ್ದವು. ಪೆಟ್ಟು ಬಿದ್ದದ್ದು ಒಂದು ಲಗ್ನಪತ್ರಿಕೆಯ ಮೇಲಿದ್ದ ಚಿಕ್ಕನಾಯಕನಹಳ್ಳಿಗೆ.

‘ಚಿಕನಾಯಕನಹಳಿ’ ಎಂದು ಓದಿದರು ತೋಂಟದಾರ್ಯರು. ‘ಲೇ ರಂಗ, ಲಿಂಗಾಯತರ ಮದ್ವೆ ಪತ್ರದಾಗೆ ಚಿಕನ್ನೇನ್ಲಾ?’

ಜ್ಞಾನೇಶನಿಗೆ ಫೋನು ಹೋಯಿತು. ‘ನಾನ್ ಹೇಳಿರ್ಲಿಲ್ವಾ ಸಾರ್’ ಎಂಬ ಮಂಗಳಾಚರಣೆ ಮುಗಿಸಿ ಅವನು ದಾರಿ ಹೇಳಿದ: ಅಪ್‌ಡೇಟನ್ನು ವಾಪಸ್ಸು ತೆಗೆಯಬಹುದು, ಸಂಜೆಯ ತನಕ ಹಿಡಿಯುತ್ತದೆ. ಇಲ್ಲವಾದರೆ ಅಕ್ಷರದ ಸಾಫ್ಟ್‌ವೇರಿನವರು ಒಂದು ಪ್ಯಾಚ್ ಬಿಡುವವರೆಗೂ ಕಾಯಬೇಕು.

‘ಪ್ಯಾಚು ಅಂದ್ರೆ?’ ಎಂದ ಗಿಡ್ಡಯ್ಯ.

‘ತೇಪೆ ಕಣಣ್ಣ.’

‘ಈಗ ತಾನೆ ಹೊಸದು ಹಾಕ್ಕಂಡೈತೆ ಅಂದೆ. ಹೊಸಾದುಕ್ಕೇ ತೇಪೆನಾ? ನಂಗ್ ಅದೆಲ್ಲಾ ಬ್ಯಾಡ. ನೊಣವಿನಕೆರೆ ಬಸ್ ಹೊಂಟೋಯ್ತದೆ. ಒಂದು ಹೊಡ್ಕೊಡು ನೋಡನ.’

ರಂಗನಾಥ ಒಂದು ಪ್ರತಿ ತೆಗೆದು ಕೊಟ್ಟ. ತಪ್ಪು ಕಣ್ಣಿಗೆ ಬಿದ್ದರೆ ಗಿಡ್ಡಯ್ಯನೇ ಸಂಜೆವರೆಗೆ ಕಾಯುತ್ತಾನೆ ಎಂದುಕೊಂಡ. ಗಿಡ್ಡಯ್ಯ ಕನ್ನಡಕ ಏರಿಸಿ, ಮೊದಲು ತನ್ನ ಫೋಟೊವನ್ನು ತೃಪ್ತಿಯಾಗುವಷ್ಟು ನೋಡಿದ. ಆಮೇಲೆ ಗಟ್ಟಿಯಾಗಿ ಓದಿದ. ತಾನೇ ಬರೆಸಿದ್ದು, ಬಾಯಿಪಾಠವಾಗಿತ್ತು. ಕಣ್ಣಿಗೆ ಕೆಲಸವೇ ಇರಲಿಲ್ಲ.

‘ಶೀ ಗಿಡ್ಡಯ್ಯನವರ... ಪಾಮಾಣಿಕ, ಪಗತಿಪರ... ನಿಮ್ಮ ಮತ. ಕರೆಟ್ಟಾಗೈತೆ ಕಣ್ಲಾ. ಒಂದಕ್ಷರ ತಪ್ಪಿಲ್ಲ.’

ರಂಗನಾಥನಿಗೆ ದಿಗ್ಭ್ರಮೆಯಾಯಿತು. ತಾನು ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ಗಿಡ್ಡಯ್ಯನ ದನಿಯನ್ನು ಈ ಕಂಪ್ಯೂಟರು ಒಂದು ಅಪ್‌ಡೇಟಿಗೆ ತೆಗೆದುಬಿಟ್ಟಿತ್ತು.

‘ಅಣ್ಣಾ, ಒತ್ತು...’ ಎಂದು ಅವನು ಶುರುಮಾಡಿದ.

‘ಒತ್ತಿದ್ದಾಯ್ತಲ್ಲಾ ಆಗ್ಲೇ. ಇನ್ನೇನ್ ಒತ್ತೋದು?’ ಎಂದು ಗಿಡ್ಡಯ್ಯ ಬೀಡಿ ಹಚ್ಚಲು ಹೊರಗೆ ಹೋದ.

ಪ್ರತಿ ಚಿಕ್ಕಗೌರಮ್ಮನ ಕೈಗೆ ಬಂತು. ಅವಳು ಹತ್ತನೇ ಕ್ಲಾಸು ಓದಿದವಳು. ಮನಸ್ಸಿನಲ್ಲೇ ಓದಿದಳು. ಮೊದಲ ಸಾಲಿನ ನಡುವೆ ಅವಳ ಬೆರಳು ನಿಂತಿತು.

‘ಇದು ಹಿಂಗೇ ಬತ್ತದೇನಪ್ಪ?’

‘ಒತ್ತು ಬಿದ್ದೋಗೈತೆ ಗೌರಕ್ಕ. ಪತ್ನಿ ಹೋಗಿ ಪತಿ ಆಗೈತೆ. ಸಂಜೆ ಗಂಟ ಕಾದ್ರೆ ಸರಿಮಾಡ್ಕೊಡ್ತೀನಿ.’

ಅವಳು ಹೊರಗೆ ಬೀಡಿ ಎಳೆಯುತ್ತಿದ್ದ ಗಂಡನನ್ನು ನೋಡಿದಳು. ಕೈಯಲ್ಲಿದ್ದ ಕಾಗದ ನೋಡಿದಳು. ಕಾಯನ್ನು ಅಲ್ಲಾಡಿಸುವಂತೆ ಅದನ್ನು ಒಮ್ಮೆ ಅಲ್ಲಾಡಿಸಿದಳು.

‘ಬುಡು, ಕಾಯದ್ ಬ್ಯಾಡ. ಯಜಮಾನ್ರೇ ಓದಿ ಒಂದಕ್ಷರ ತಪ್ಪಿಲ್ಲ ಅಂದವ್ರೆ. ನಾನ್ಯಾಕ್ ಅವರ್ ಮಾತ್ ಮೀರ್ಲಿ?’

ಅಚ್ಚಾಯಿತು.

ಮರುದಿನ ಕರಪತ್ರ ಊರಿನ ಜಗಲಿಗಳಲ್ಲಿ, ಹೋಟೆಲಿನ ಗೋಡೆಯ ಮೇಲೆ, ಕಾಯಿ ಸುಲಿಯುವ ಕಳಗಳಲ್ಲಿ ಓಡಾಡಿತು. ಓದಿದವರು ಓದದವರಿಗೆ ಓದಿ ಹೇಳಿದರು. ‘ಗಿಡ್ಡಯ್ಯನ ಗಂಡ ಚಿಕ್ಕಗೌರಮ್ಮ ಅಂತ ಊರ್ಗೇ ಗೊತ್ತು, ಪ್ರಿಂಟ್ ಬೇರೆ ಮಾಡುಸ್ಬೇಕಾಗಿತ್ತಾ’ ಎಂದು ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ, ಕರಪತ್ರವನ್ನು ಮಡಿಸಿ ಇಟ್ಟುಕೊಂಡರು. ರಾಮಕ್ಕನ ಪತ್ರದಲ್ಲಿ ಒತ್ತುಗಳೆಲ್ಲ ಇದ್ದವು, ಆಕೆಯ ಗಂಡನ ಹೆಸರೂ ಮೇಲೆಯೇ ಇತ್ತು. ಭಾನುವಾರ ಸಂಜೆ ಚಿಕ್ಕಗೌರಮ್ಮ ಗೆದ್ದಳು.

ಸಂಘದ ಮೊದಲ ಸಭೆಗೆ ಗಿಡ್ಡಯ್ಯ ಇಸ್ತ್ರಿ ಅಂಗಿ ತೊಟ್ಟು ಹೋದ. ಅಭ್ಯಾಸದಂತೆ ಹೋಗಿ ಕುರ್ಚಿಯ ಬೆನ್ನು ಹಿಡಿದ. ಹಿಂದೆ ಬಂದ ಚಿಕ್ಕಗೌರಮ್ಮ ಕಾರ್ಯದರ್ಶಿ ಕಾಡಸಿದ್ದಪ್ಪನ ಕಡೆ ನೋಡಿದಳು. ನಕ್ಕ ದಾಖಲೆಯೇ ಇಲ್ಲದ ಮನುಷ್ಯ ಕಾಡಸಿದ್ದಪ್ಪ. ಮೇಜಿನ ಮೇಲಿದ್ದ ಕರಪತ್ರವನ್ನು ಎತ್ತಿ ಹಿಡಿದ.

‘ಇದು ನೀವೇ ಹಂಚಿದ್ದು ಅಲ್ವಾ ಗಿಡ್ಡಯ್ನೋರೆ?’

‘ಹೌದು, ನಾನೇ ಹಂಚಿದ್ದು.’

‘ಇದರ ಪ್ರಕಾರ ಗಂಡ ಅವ್ರು. ಅಂದ್ಮೇಲೆ ತಾವು ಹೆಂಡ್ತಿ ಆದ್ರಿ. ಗೆದ್ದೋರ ಹೆಂಡ್ತೀರ್ನೆಲ್ಲ ಸಭೇಲಿ ಕೂರ್ಸೋ ಪದ್ಧತಿ ನಮ್ಮಲ್ಲಿಲ್ಲ ಕಣ್ರೀ. ಹೊರಗೆ ಬೆಂಚೈತೆ.’

ಗಿಡ್ಡಯ್ಯ ಕರಪತ್ರವನ್ನು ಮೊದಲ ಬಾರಿ ಕಣ್ಣಿನಿಂದ ಓದಿದ್ದು ಆ ಬೆಂಚಿನ ಮೇಲೆ ಕೂತು. ಒಳಗಿನಿಂದ ಚಿಕ್ಕಗೌರಮ್ಮನ ದನಿ ಕೇಳುತ್ತಿತ್ತು: ‘ಕಾಯಿ ಅಲ್ಲಾಡುಸ್ದೆ ಹಸಿ ಅಂತ ಯಾರು ಬರ್ದಿದ್ದು? ಅವುರ್ನ ಕರೀರಿ.’

ಮುಂದಿನ ವಾರ ಇಬ್ಬರೂ ಪೆಸ್ಸಿಗೆ ಬಂದರು. ಅಷ್ಟರಲ್ಲಿ ತೇಪೆ ಬಂದಿತ್ತು, ಒತ್ತುಗಳು ತವರಿಗೆ ಹೋದ ಸೊಸೆಯರಂತೆ ಒಂದೊಂದಾಗಿ ವಾಪಸ್ಸಾಗಿದ್ದವು. ಚಿಕ್ಕನಾಯಕನಹಳ್ಳಿಯಲ್ಲಿ ಮತ್ತೆ ಸಸ್ಯಾಹಾರ ನೆಲೆಸಿತ್ತು.

‘ಈಗ ಸರಿಯಾಗೈತಲ್ಲ, ತಿದ್ದುಪಡಿ ಅಂತ ಇನ್ನೊಂದು ಪತ್ರ ಹೊಡಿ’ ಎಂದ ಗಿಡ್ಡಯ್ಯ.

‘ಅದು ಆಮೇಲೆ’ ಎಂದಳು ಚಿಕ್ಕಗೌರಮ್ಮ. ‘ಮೊದ್ಲು ನನ್ ಮೇಜಿನ ಮೇಲಿಡಕ್ಕೆ ಒಂದು ಹೆಸ್ರಿನ ಹಲಗೆ ಬೇಕು. ಬರ್ಕೊ ರಂಗಪ್ಪ. ಚಿಕ್ಕಗೌರಮ್ಮ, ನಿರ್ದೇಶಕಿ. ಅಷ್ಟೇ.’

‘ನನ್ನೆಸ್ರು ಎಲ್ಲೂ ಇಲ್ವಲ್ಲೇ?’

‘ಯಾಕೆ ನಿಂತೇ ಇದೀರಿ? ಅಲ್ಲಿ ಬೆಂಚೈತೆ, ಕೂತ್ಕಳಿ.’

ರಂಗನಾಥ ಎರಡು ಪದ ಹೊಡೆದ. ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರಗಳ ಕಾಲ ಕೆಳಗೆ ಸರಿಯಾಗಿ ಕೂತವು. ಉಳಿಸಬೇಕು ಎನ್ನುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಚೌಕ ಮೂಡಿತು: ಮತ್ತೊಂದು ಅಪ್‌ಡೇಟ್ ಸಿದ್ಧವಾಗಿದೆ, ಈಗಲೋ, ಆಮೇಲೋ?

ರಂಗನಾಥ ಗಿಡ್ಡಯ್ಯನ ಕಡೆ ತಿರುಗಿದ. ಗಿಡ್ಡಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಂಡತಿಯ ಮುಖ ನೋಡಿದ.

‘ಏನ್ ಮಾಡನ ಅಂತೀಯ?’