ಹರಿಪ್ರಿಯಾಳ ಸಂಜೆ ನಡಿಗೆ

ಸಂಜೆ ಮೆಟ್ರೋ ಇಳಿದು ಮನೆಗೆ ಬರುವಾಗ ಹರಿಪ್ರಿಯಾ ಮತ್ತೆ ಎಡವಿದಳು. ಒಂದೇ ತಿಂಗಳಲ್ಲಿ ಇದು ಮೂರನೇ ಸಲ. ನೇರವಾಗಿಯೇ ನಡೆಯುತ್ತಿದ್ದೇನೆ ಎಂದುಕೊಂಡಿದ್ದಳು. ನಿಂತಿದ್ದ ಸ್ಕೂಟರಿಗೆ ಮೊಣಕಾಲು ಬಡಿದಾಗಲೇ ಪಕ್ಕಕ್ಕೆ ವಾಲಿದ್ದು ತಿಳಿಯಿತು.

ಚೆನ್ನೈನ ಅಣ್ಣಾ ನಗರದ ಮನೆಯಲ್ಲಿ ಅತ್ತೆ ಗೋದಾಬಾಯಿ ಗಾಯ ತೊಳೆಯುತ್ತಲೇ ತೀರ್ಪು ಕೊಟ್ಟುಬಿಟ್ಟರು.

"ಕಣ್ಣು ಕಾಣದೋಳು ಒಬ್ಬಳೇ ಓಡಾಡಿದ್ದು ಸಾಕು. ನಾಳೆಯಿಂದ ನಿನ್ನ ಗಂಡ ಬ್ಯಾಂಕಿಗೆ ಬಿಟ್ಟು ಕರ್ಕೊಂಡು ಬರ್ತಾನೆ. ಆಗಲ್ಲ ಅಂದ್ರೆ ಕೆಲಸ ಬಿಡು."

ಹರಿಪ್ರಿಯಾ ಪ್ಯಾರೀಸ್ ಕಾರ್ನರ್‌ನ ಬ್ಯಾಂಕಿಗೆ ಆರು ವರ್ಷ ಬಿಳಿ ಕೋಲು ಹಿಡಿದು ಒಬ್ಬಳೇ ಹೋಗಿಬಂದವಳು. ಆ ದಾರಿ ಅವಳದು. ಅದೂ ಕೈಬಿಟ್ಟು ಹೋದರೆ?

ಭಾನುವಾರ ಗೆಳತಿ ರಂಜನಿ ಬಂದಳು. ದೃಷ್ಟಿ ಇಲ್ಲದವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವುದೇ ಅವಳ ಕೆಲಸ.

"ಮಾಮಿ, ಬೆಳಿಗ್ಗೆ ಹೋಗುವಾಗ ಇವಳು ಎಡವಿದ್ದುಂಟಾ?"

"ಬೆಳಿಗ್ಗೆನಾ? ಇಲ್ಲಮ್ಮ. ಬಾಣದ ಹಾಗೆ ಹೋಗ್ತಾಳೆ."

"ಹಾಗಾದ್ರೆ ಬೆಳಿಗ್ಗೆ ಇವಳಿಗೆ ಕಣ್ಣು ಕಾಣತ್ತಾ?"

"ಏ, ಹೋಗೇ!" ಗೋದಾಬಾಯಿಗೆ ನಗು ತಡೆಯಲಾಗಲಿಲ್ಲ.

"ಕಣ್ಣಿಂದಲ್ಲ ಮಾಮಿ, ಸುಸ್ತಿಂದ. ನಾವು ನೋಡ್ಕೊಂಡು ನಡೀತೀವಿ. ಇವಳು ಹೆಜ್ಜೆಹೆಜ್ಜೆಗೂ ಕಿವಿ ಕೊಡಬೇಕು, ಕೋಲಲ್ಲಿ ತಡಕಬೇಕು, ತಿರುವು ನೆನಪಿಡಬೇಕು. ಆಫೀಸಲ್ಲೂ ಇಡೀ ದಿನ ಕಂಪ್ಯೂಟರು ಪರದೆ ಮೇಲಿರೋದನ್ನ ಕಿವಿಯೊಳಗೆ ಓದ್ತಾನೇ ಇರತ್ತೆ. ಸಂಜೆಗೆ ಮನಸ್ಸೂ ದಣಿಯತ್ತೆ, ಕಾಲೂ ದಣಿಯತ್ತೆ. ಆಗ್ಲೇ ನಡಿಗೆ ವಾಲೋದು."

"ಅದಕ್ಕೇ ಮನೇಲಿ ಒಂದು ಲೋಟ ಎತ್ತೋಕೂ ಬಿಡಲ್ಲ ನಾನು!"

"ಅದೇ ತಪ್ಪಾಗಿರೋದು. ಕೂತಷ್ಟೂ ಕಾಲಿನ ಶಕ್ತಿ ಇಳಿಯತ್ತೆ. ಆಮೇಲೆ ಸ್ವಲ್ಪ ನಡೆದ್ರೂ ಸುಸ್ತು."

ಹರಿಪ್ರಿಯಾಳ ಎದೆ ಹಗುರಾಯಿತು. ತನ್ನೊಳಗೇ ಏನೋ ಕೆಟ್ಟಿದೆ ಎಂದು ಹೆದರಿದ್ದಳು. ಇದಕ್ಕೆ ದಾರಿಯಿತ್ತು. ಸ್ವಲ್ಪ ದಿನ ನೋಡೋಣ ಎಂದು ಅತ್ತೆಯೂ ಒಪ್ಪಿದರು.

ಅಂದಿನಿಂದ ರಂಜನಿ ಹೇಳಿಕೊಟ್ಟಂತೆ ಆಫೀಸು ಬಿಡುವ ಮುಂಚೆ ಏನಾದರೂ ತಿಂದು, ಇಯರ್‌ಫೋನ್ ತೆಗೆದು, ಹತ್ತು ನಿಮಿಷ ಸುಮ್ಮನೆ ಕೂರತೊಡಗಿದಳು. ಆ ಮೌನದ ರುಚಿಯೇ ಬೇರೆ! ತೀರ ದಣಿದ ದಿನ ನಾಚದೆ ಯಾರನ್ನಾದರೂ ಕೇಳಿ ರಸ್ತೆ ದಾಟಿದಳು. ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ತಾರಸಿಯ ಮೇಲೆ ನಡೆದರು. ಮೊದಲ ವಾರ ಹತ್ತು ಸುತ್ತು, ಆಮೇಲೆ ಇಪ್ಪತ್ತು. ಕೊನೆಗೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು.

"ಪೋದುಂ, ಸಾಕು! ಈ ವಯಸ್ಸಲ್ಲಿ ನನ್ನನ್ನ ತಪಸ್ಸಿಗೆ ನಿಲ್ಲಿಸ್ತೀಯಲ್ಲೇ!" ಎಂದು ಗೋದಾಬಾಯಿ ಗೊಣಗುತ್ತಿದ್ದರು. ಕಾಲು ಮಾತ್ರ ಇಳಿಸುತ್ತಿರಲಿಲ್ಲ.

ಎರಡು ತಿಂಗಳು ಕಳೆಯಿತು. ಒಂದು ಸಂಜೆ ಹರಿಪ್ರಿಯಾ ಸ್ಟೇಷನ್ನಿನಿಂದ ನೇರವಾಗಿ, ಬೀಸುಹೆಜ್ಜೆ ಹಾಕಿ ಬರುತ್ತಿದ್ದಳು. ಹಿಂದೆ ಗುರುತಿನ ಚಪ್ಪಲಿಯ ಸದ್ದು, ಜೊತೆಗೆ ಏದುಸಿರು. ಮನೆ ಗೇಟಿನ ಮುಂದೆ ನಿಂತು ತಿರುಗಿದಳು.

"ಅತ್ತೆ, ಸ್ಟೇಷನ್ನಿಂದ ಕದ್ದು ಹಿಂದೆ ಬರ್ತಿದೀರಲ್ಲ?"

"ನಾನಾ? ನಾನು... ಕರಿಬೇವು ತರೋಣಾಂತ ಹೋಗಿದ್ದೆ."

"ಸರಿ, ನನ್ನ ತೋಳು ಹಿಡ್ಕೊಳ್ಳಿ. ನಿಮಗೆ ಸುಸ್ತಾಗಿದೆ."

ಗೋದಾಬಾಯಿ ಬೀದಿಗೆಲ್ಲ ಕೇಳುವಂತೆ ನಕ್ಕರು. "ನಾಳೆಯಿಂದ ನಾನು ಬರಲ್ಲಮ್ಮ. ನೀನು ಒಬ್ಬಳೇ ಹೋಗಿ ಬಾ."

ನಿಮ್ಮ ಮನೆಯಲ್ಲೂ ದೃಷ್ಟಿ ಇಲ್ಲದವರಿದ್ದರೆ, ಎಡವಿದ ಕೂಡಲೇ ಅವರ ಓಡಾಟ ನಿಲ್ಲಿಸಬೇಡಿ. ಮೊದಲು "ಸುಸ್ತಾಗಿದೆಯಾ?" ಎಂದು ಕೇಳಿ. ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲು ಬಿಡಿ, ದಿನಾ ಜೊತೆಯಲ್ಲಿ ನಡೆಯಿರಿ. ವಿಶ್ರಾಂತಿ ಪಡೆದರೂ ಸುಸ್ತು ಬಿಡದಿದ್ದರೆ ವೈದ್ಯರಿಗೆ ತೋರಿಸಿ. ನಡೆಯುವ ಸಂತೋಷ ಅವರಿಗೂ ಬೇಕು.